ಮಖಮಲ್ಲಿನ ಗಾಲಿ ಕುರ್ಚಿ

ಬೋನಾಳ ಕೆರೆಯ ದಂಡೆಯ ಪರಮಣ್ಣನ ಬಾಯಿಂದ 'ಇಲ್ಲ' ಎಂಬ ಮಾತು ಹೊರಟದ್ದನ್ನು ಕೇಳಿದವರು ಈ ಭೂಮಂಡಲದಲ್ಲಿ ಯಾರೂ ಇರಲಿಲ್ಲ. ಉಳಿದ ಮಕ್ಕಳು ಅವ್ವ, ಅಪ್ಪ ಎನ್ನುವುದರ ಬೆನ್ನಿಗೇ ಕಲಿತುಬಿಡುವ ಈ ಸಣ್ಣ ಮಾತು ಅವನ ನಾಲಿಗೆಗೆ ಯಾಕೆ ಹತ್ತಲಿಲ್ಲವೋ ಶಿವನೇ ಬಲ್ಲ. ಸುರಪುರದ ಒಂದು ಕಚೇರಿಯಲ್ಲಿ ಜವಾನನಾಗಿ ಸೇರಿ, ಜವಾನನಾಗಿಯೇ ನಿವೃತ್ತನಾದ. ಸಾಹೇಬರು "ಪರಮಣ್ಣ, ಚಹಾ ಆರ್ಯಾದೇನು?" ಎಂದರೆ "ಹೌದ್ರಿ" ಎನ್ನುತ್ತಿದ್ದ. "ಏ, ಇನ್ನಾ ಬಿಸಿ ಅದ ಅಲ್ಲೋ?" ಎಂದರೆ "ಹೌದ್ರಿ" ಎನ್ನುತ್ತಿದ್ದ. ಎರಡನ್ನೂ ಅಷ್ಟೇ ಭಕ್ತಿಯಿಂದ ಹೇಳುತ್ತಿದ್ದನಾದ್ದರಿಂದ ಬಂದ ಸಾಹೇಬರೆಲ್ಲ ಅವನನ್ನು ಮೆಚ್ಚಿಕೊಂಡೇ ಹೋದರು.

ನಿವೃತ್ತನಾದ ಮೇಲೆ ಕೆರೆಗೆ ಹತ್ತಿದ ತನ್ನ ಹೊಲದ ಅಂಚಿನಲ್ಲಿ ಒಂದು ಗುಡಿಸಲು ಕಟ್ಟಿದ. ಕಲ್ಲು ಮಣ್ಣಿನ ಗೋಡೆ, ಹುಲ್ಲಿನ ಸೂರು, ಒಳಗೆ ಎರಡು ಹೊರಸು, ಹೆಂಡತಿ ಅಮೃತಮ್ಮ ಹೊಲಿದ ಕೌದಿಗಳು. ಚಳಿಗಾಲಕ್ಕೆ ಹಕ್ಕಿ ನೋಡಲು ಬರುವವರು ಒಂದು ರಾತ್ರಿ ಉಳಿದು, ರೊಟ್ಟಿ ಪುಂಡಿಪಲ್ಲೆ ತಿಂದು ಹೋಗಲಿ ಎಂಬುದು ಉದ್ದೇಶ. ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಆದರೆ ಮನುಷ್ಯನಿಗೆ ಒಂದಿಷ್ಟು ಮೆರೆಯುವ ಆಸೆ ಇದ್ದೇ ಇರುತ್ತದೆ. ಬೇವಿನ ಗಿಡಕ್ಕೆ 'ಪರಮಣ್ಣ ರಿಸಾರ್ಟ್' ಎಂದು ಬೋರ್ಡು ಬಡಿಸಿದ. ಬಾಗಿಲಿನ ಮೇಲೆ 'ರೂಮ್ ನಂಬರ್ ಒಂದು' ಎಂದು ಬರೆಸಿದ. ನಂಬರ್ ಎರಡು ಎಲ್ಲಿ ಎಂದು ಯಾರಾದರೂ ಕೇಳಿದರೆ "ಹೌದ್ರಿ, ಹೌದ್ರಿ" ಎನ್ನುತ್ತ ಕೆರೆಯ ಕಡೆ ಕೈ ತೋರಿಸುತ್ತಿದ್ದ.

ಬೋರ್ಡಿನ ಕೆಳಗೆ ಬರೆಸಿದ್ದ ನಂಬರಿಗೆ ಒಂದು ದಿನ ಯಾದಗಿರಿಯಿಂದ ಫೋನು ಬಂತು.

"ಪರಮಣ್ಣ ರಿಸಾರ್ಟ್ ಏನ್ರಿ?"

"ಹೌದ್ರಿ."

"ನಾ ಮೆಹನಾಜ ಅಂತ. ಟೇಲರಿಂಗ್ ಮಾಡ್ತೀನ್ರಿ. ಬ್ಲೌಸಿನ ಮ್ಯಾಲ ಹಕ್ಕಿ ಕಸೂತಿ ಹಾಕ್ತೀನಿ. ಚಮಚದಂಥ ಕೊಕ್ಕಿನ ಹಕ್ಕಿ ನಿಮ್ಮ ಕೆರ್ಯಾಗ ಬರ್ತಾವಂತಲ್ಲ, ಬಂದಾವೇನು?"

"ಹೌದ್ರಿ." ಇದೊಂದು ಮಾತ್ರ ನಿಜ, ಹಕ್ಕಿಗಳು ಬಂದಿದ್ದವು.

"ನಾ ಗಾಲಿ ಕುರ್ಚಿ ಮ್ಯಾಲ ಇರ್ತೀನ್ರಿ. ನಿಮ್ಮಲ್ಲಿ ಗಾಲಿ ಕುರ್ಚಿ ರೂಮಿನ ಒಳಗ ಬರ್ತದ?"

"ಹೌದ್ರಿ."

"ಬಾಥ್‌ರೂಮಿಗಿ?"

"ಹೌದ್ರಿ."

"ನೀರಿನ ದಂಡಿ ತನಕ?"

"ಹೌದ್ರಿ, ಹೌದ್ರಿ."

ಹುಡುಗಿ ಹೇಳಿದಳು: "ಚಾಚಾ, ಎಲ್ಲಾರೂ ಹಿಂಗೇ ಹೌದು ಹೌದು ಅಂತಾರ. ಹೋದಮ್ಯಾಲ ನಾಕು ಮಂದಿ ಕೂಡಿ ಜ್ವಾಳದ ಚೀಲ ಎತ್ತಿದಂಗ ಎತ್ತತಾರ. ಮದಿವಿ ಮನ್ಯಾಗ ಎತ್ತಿದ್ರು, ಗುಡ್ಡದ ಮ್ಯಾಲಿನ ಕ್ವಾಟಿ ನೋಡಾಕ ಹೋದ್ರ ಎತ್ತಿದ್ರು. ಎತ್ತಿ ಫೋಟೋ ಬ್ಯಾರೆ ತಗಸ್ಕೋತಾರ. ಎತ್ತಿಸ್ಕೊಂಡು ಹಕ್ಕಿ ನೋಡೋದು ನನಗ ಬ್ಯಾಡ. ನನ್ನ ಕೈಲೆ ಗಾಲಿ ನೂಕ್ಕೊಂಡು ನೀರಿನ ತನಕ ಹೋಗಬೇಕು. ಒಬ್ಬರೂ ನನ್ನ ಎತ್ತಬಾರದು. ಮಾತು ಕೊಡ್ತೀರೇನು?"

"ಹೌದವ್ವಾ," ಎಂದ ಪರಮಣ್ಣ. ಯಾಕೋ ಈ ಸಲ ಅದು ಸಾಲದೆನಿಸಿ, "ಮಾತು ಕೊಟ್ಟೆ ಅಂತ ತಿಳಿ," ಎಂದೂ ಸೇರಿಸಿದ.

ಪುರಾಣಗಳಲ್ಲಿ ರಾಜರು ಇಂಥ ಮಾತು ಕೊಟ್ಟು ರಾಜ್ಯ ಕಳೆದುಕೊಂಡದ್ದುಂಟು. ಪರಮಣ್ಣನಿಗೆ ಕಳೆದುಕೊಳ್ಳಲು ರಾಜ್ಯವಿರಲಿಲ್ಲ, ಅಮೃತಮ್ಮ ಇದ್ದಳು.

"ಗಾಲಿ ಕುರ್ಚಿ ಎಲ್ಲಿಂದ ಒಳಗ ಬರ್ತದ್ರಿ?" ಎಂದು ಆಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. "ಪಾವಟಿಗಿ ಅವ, ಮೊಣಕಾಲುದ್ದ ಹೊಸ್ತಿಲ ಅದ. ಬಾಥ್‌ರೂಮಿನ ಬಾಗಲದಾಗ ನಾನೇ ಅಡ್ಡಾಗಿ ಹೋಗತೀನಿ. ಅಕಿ ಏನ್ ಹಾರಿ ಬರ್ತಾಳ?"

"ಹೌದು," ಎಂದ ಪರಮಣ್ಣ. ಮರುದಿನವೇ ಕೆಲಸಕ್ಕೆ ಬಿದ್ದ.

ಪಾವಟಿಗೆಯ ಮೆಟ್ಟಿಲುಗಳನ್ನು ಕಿತ್ತ. ಬೇವಿನ ಗಿಡದಿಂದ ಹಿಡಿದು ಮುಂದಿನ ಬಾಗಿಲಿನ ತನಕ, ಅಲ್ಲಿಂದ ಗುಡಿಸಲಿನ ಒಳಗೆ ಹಾಯ್ದು ಹಿಂದಿನ ಬಾಗಿಲಿನಿಂದ ನೀರಿನ ಅಂಚಿನ ತನಕ ಫರ್ಸಿ ಕಲ್ಲಿನ ಒಂದೇ ಹಾದಿ. ಏರು ಮೆಲ್ಲಗೆ, ಇಳಿಜಾರು ಇನ್ನೂ ಮೆಲ್ಲಗೆ. ಕಲ್ಲು ಜಾರಬಾರದೆಂದು ಮೇಲೆಲ್ಲ ಉಳಿಯಿಂದ ಕಚ್ಚು ಹೊಡೆದ. ಬಾಥ್‌ರೂಮಿನ ಗೋಡೆ ಒಡೆದು ದೊಡ್ಡ ಬಾಗಿಲಿಟ್ಟ. ಕಡೆಗೆ ಹೊಸ್ತಿಲಿಗೆ ಕೈ ಹಚ್ಚಿದಾಗ ಅಮೃತಮ್ಮ ಅಡ್ಡ ಬಂದು ಅದರ ಮೇಲೇ ಕುಳಿತುಬಿಟ್ಟಳು.

"ಹೊಸ್ತಿಲ ಕೀಳತೀರಿ? ನಾ ಮುಂಜಾನೆದ್ದು ಯಾತಕ್ಕ ಅರಿಷಿಣ ಹಚ್ಚಲಿ? ಲಕ್ಷ್ಮಿ ಬಂದ್ರ ಎಲ್ಲಿ ನಿಂದರಬೇಕು?"

ಪರಮಣ್ಣ ಉಳಿ ಹಿಡಿದುಕೊಂಡೇ ಮಧ್ಯಾಹ್ನದವರೆಗೆ ಎದುರಿಗೆ ಕುಳಿತ. ಆಮೇಲೆ ಆಕೆಯೇ ಎದ್ದಳು. "ಆ ಹುಡುಗಿ ಮೊದಲ ಬರಲಿ. ಲಕ್ಷ್ಮಿಗಿ ಎರಡೂ ಕಾಲ ಅವ," ಎಂದಳು. ಹೊಸ್ತಿಲು ಹೋಯಿತು. ಅದಿದ್ದ ಜಾಗದಲ್ಲಿ ಅಮೃತಮ್ಮ ನೆಲದ ಮೇಲೇ ಅಂಗೈ ಅಗಲ ಅರಿಷಿಣದ ಪಟ್ಟಿ ಬಳಿದು, ಕುಂಕುಮದ ಬೊಟ್ಟಿಟ್ಟು, ಎರಡು ಎಳೆ ರಂಗೋಲಿ ಹಾಕಿದಳು. ಇಡೀ ತಾಲೂಕಿನಲ್ಲಿ ಎಡವದ ಹೊಸ್ತಿಲು ಅದೊಂದೇ.

ಇನ್ನು ಉಳಿದದ್ದು ಪರೀಕ್ಷೆ. ಹಾದಿಯ ಮೇಲೆ ಕುರ್ಚಿ ನಿಜವಾಗಿಯೂ ಹೋಗುತ್ತದೆಯೇ, ತಿರುಗುತ್ತದೆಯೇ ಎಂದು ನೋಡಲು ಒಂದು ಗಾಲಿ ಕುರ್ಚಿ ಬೇಕಿತ್ತು. ಸುರಪುರದಲ್ಲಿ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆ ಕೊಡುವ ಲಾಡ್ಲೇಸಾಬನ ಹತ್ತಿರ ಒಂದಿತ್ತು. ಮದುವೆಗಳಲ್ಲಿ ವರನ ಅಜ್ಜಿಯನ್ನೋ ನಾನಿಯನ್ನೋ ವೇದಿಕೆಯ ತನಕ ತರಲು ಅವನು ಇಟ್ಟ ಕುರ್ಚಿ ಅದು. ಶುಭಕಾರ್ಯದ ಕುರ್ಚಿಯೆಂದು ಅದಕ್ಕೆ ಕೆಂಪು ಮಖಮಲ್ಲು ಹೊದಿಸಿ, ಸುತ್ತಲೂ ಜರಿಯ ಗೊಂಡೆ ಬಿಟ್ಟು, ಬೆನ್ನಿನ ಹಿಂದೆ ಚಮಕಿಯ ನವಿಲು ಕೂರಿಸಿದ್ದ.

ಲಾಡ್ಲೇಸಾಬ ಕುರ್ಚಿಯನ್ನು ತನ್ನ ಮೂರು ಗಾಲಿಯ ಟಂಟಂ ಗಾಡಿಯ ಮೇಲೆ ಏರಿಸಿಕೊಂಡು ಬಂದ. ಬಾಯಲ್ಲಿ ಪಾನು ತುಂಬಿರುವಾಗ ಅವನು ಒಂದೊಂದೇ ಮಾತು ಆಡುವ ಮನುಷ್ಯ. ಪಾನು ತುಂಬಿರದ ವೇಳೆ ಎಂಬುದು ಅವನಿಗಿರಲಿಲ್ಲ.

ಹಾದಿಯ ಚಹಾದ ಅಂಗಡಿಯಲ್ಲಿ ಕೇಳಿದರು: "ಯಾರಿಗೋ ಲಾಡ್ಲ್ಯಾ, ಗಾಲಿ ಕುರ್ಚಿ?"

"ಪರಮಣ್ಣಗ."

"ಅಯ್ಯ ಶಿವನ! ಯಾವಾಗಿಂದ?"

"ಇವತ್ತಿಂದ."

"ಆರಾಮ ಆಗ್ತದಂತೇನು?"

ಲಾಡ್ಲೇಸಾಬ ಆಕಾಶದ ಕಡೆ ಒಂದು ಬೆರಳು ತೋರಿಸಿ ಗಾಡಿ ಬಿಟ್ಟ. ಅವನು ಹೇಳಿದ್ದರಲ್ಲಿ ಸುಳ್ಳಿನ ಒಂದು ಎಳೆಯೂ ಇರಲಿಲ್ಲ.

ಸಂಜೆ ಪರಮಣ್ಣ ನವಿಲಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತ. ಅಮೃತಮ್ಮ ಹಿಂದಿನಿಂದ ನೂಕಿದಳು. ಅದೇ ಹೊತ್ತಿಗೆ ಕೆರೆಯ ಏರಿಯ ಮೇಲೆ ಮೋಟರ್ ಸೈಕಲ್ ನಿಲ್ಲಿಸಿದವನು ದೇವಿಂದ್ರ. ಹಿಂದೊಮ್ಮೆ ಪಂಚಾಯಿತಿ ಮೆಂಬರ ಆಗಿದ್ದವನು, ಮುಂದೊಮ್ಮೆ ಆಗಬೇಕೆಂದಿದ್ದವನು.

"ಕಾಕಾ! ಕೇಳಿದ್ದು ಖರೇ ಏನು? ಕುರ್ಚಿಗಿ ಬಂದೇನು?"

"ಹೌದಪ್ಪಾ!"

"ಡಾಕ್ಟರಿಗಿ ತೋರಿಸ್ಯಾರೇನು?"

"ಹೌದಪ್ಪಾ!" ಯಾವ ಡಾಕ್ಟರು, ಯಾಕೆ ಎಂದು ಪರಮಣ್ಣನಿಗೆ ಹೊಳೆದೇ ಇರಲಿಲ್ಲ. ಕೇಳಿದವರಿಗೆ ಹೌದೆಂದ, ಅಷ್ಟೆ.

"ಚಿಂತಿ ಮಾಡಬ್ಯಾಡ ಕಾಕಾ, ನಾ ಇದ್ದೀನಿ!" ಎಂದು ದೇವಿಂದ್ರ ಫೋನು ತೆಗೆದ. ದೀಪ ಹಚ್ಚುವ ಹೊತ್ತಿಗೆ ರಾಮಸಮುದ್ರದಿಂದ ಮುದನಾಳದವರೆಗೆ ಎಲ್ಲ ನೆಂಟರಿಗೂ ಸುದ್ದಿ ಮುಟ್ಟಿತ್ತು: ಪರಮಣ್ಣಗ ಲಕ್ವಾ ಹೊಡದದ.

ನಮ್ಮ ಕಡೆ ಮದುವೆಗೆ ಹೋಗದಿದ್ದರೆ ಕ್ಷಮೆಯುಂಟು. ಜಡ್ಡಾದವರನ್ನು ಮಾತಾಡಿಸಿ ಬರದಿದ್ದರೆ ಉಂಟೇ? ಅದೂ ಲಕ್ವಾ! ಮರುದಿನ ಬೆಳಿಗ್ಗೆ ಅಮೃತಮ್ಮ ಅಂದು ಬರಲಿದ್ದ ಮೆಹನಾಜಳಿಗಾಗಿ ಫರ್ಸಿ ಹಾದಿಯನ್ನೆಲ್ಲ ತೊಳೆದು ರಂಗೋಲಿ ಬಿಟ್ಟಿದ್ದಳು. ಪರಮಣ್ಣ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ. ಬೇರೆ ಕಾರಣವಿಲ್ಲ, ಆ ಅಂಗಳದಲ್ಲಿ ಮೆತ್ತಗಿದ್ದ ಆಸನ ಅದೊಂದೇ. ಅಷ್ಟರಲ್ಲಿ ಏರಿಯ ಮೇಲಿಂದ ಒಂದು ರಾಗ ಕೇಳಿಸಿತು.

"ಆನಿ ನಡದಂಗ ನಡೀತಿದ್ದೆಲ್ಲೋ ನನ ತಮ್ಮಾ... ಯಾರ ಕಣ್ಣು ಬಿತ್ತೋ ನಿನ್ನ ಕಾಲ ಮ್ಯಾಲ..."

ರಾಮಸಮುದ್ರದ ಸಾಯಬಮ್ಮ, ಪರಮಣ್ಣನ ಅಕ್ಕ. ಸತ್ತವರ ಮನೆಯಲ್ಲಿ ಹಾಡಿ ಅಳುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಬದುಕಿದ್ದವರಿಗೆ ಹಾಡಿದ್ದು ಇದೇ ಮೊದಲು. ಸೊಂಟದಲ್ಲಿ ಬಾಳೆಹಣ್ಣಿನ ಗೊನೆ ಇಟ್ಟುಕೊಂಡು, ಸೆರಗಿನಿಂದ ಮೂಗು ಒರೆಸುತ್ತ, ಒಂದೊಂದು ಹೆಜ್ಜೆಗೂ ಒಂದೊಂದು ನುಡಿ ಕಟ್ಟುತ್ತ ಬಂದಳು. ಅಷ್ಟು ದೂರದಿಂದ ಅಷ್ಟು ಚಂದ ಅತ್ತುಕೊಂಡು ಬರುವ ಅಕ್ಕನ ಎದುರಿಗೆ ಗಟ್ಟಿಮುಟ್ಟಾಗಿ ಎದ್ದು ನಿಲ್ಲುವುದು ಯಾವ ತಮ್ಮನಿಗೆ ಶೋಭೆ? ಪರಮಣ್ಣ ಚಹಾದ ಬಟ್ಟಲನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಏಳಾಕ ಆಗವಲ್ದೇನೋ ತಮ್ಮಾ?"

"ಹೌದಕ್ಕಾ," ಎಂದುಬಿಟ್ಟ.

"ಅಯ್ಯ, ಅವರಿಗಿ ಏನೂ ಆಗಿಲ್ಲ ಯಕ್ಕಾ," ಎಂದಳು ಅಮೃತಮ್ಮ ಓಡಿ ಬಂದು. "ಗಟ್ಟಿ ಇದ್ದಾರ. ಕುರ್ಚಿ ನೋಡಾಕ ಕುಂತಾರ, ಅಷ್ಟ."

ಸಾಯಬಮ್ಮ ಆಕೆಯ ತಲೆ ಸವರಿದಳು. "ಹಿಂಗೇ ಧೈರ್ಯ ತಗೋಬೇಕವ್ವಾ. ಅತ್ತರ ಏನ್ ಬರ್ತದ?" ಎಂದು ಮತ್ತೆ ಅಳತೊಡಗಿದಳು.

ಅಮೃತಮ್ಮ ಬಂದವರಿಗೆಲ್ಲ ನಿಜ ಹೇಳಿದಳು. ಬಂದವರೆಲ್ಲ ಆಕೆಯ ಧೈರ್ಯವನ್ನು ಕೊಂಡಾಡಿದರು. ಹೊತ್ತೇರುವಷ್ಟರಲ್ಲಿ ಅಂಗಳ ತುಂಬಿತು. ಬಾಳೆಹಣ್ಣು, ಬನ್ನು, ಗ್ಲೂಕೋಸ್ ಬಿಸ್ಕತ್ತಿನ ಪುಡಿಕೆಗಳು ರೂಮ್ ನಂಬರ್ ಒಂದರ ಬಾಗಿಲಲ್ಲಿ ರಾಶಿ ಬಿದ್ದವು. ತೊಳೆದು ರಂಗೋಲಿ ಹಾಕಿದ ಕಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡು ಕಾಲಿಡುವ ಅನಾಗರಿಕರು ಯಾರೂ ಇರಲಿಲ್ಲವಾದ್ದರಿಂದ, ಎಲ್ಲರೂ ಹಾದಿಯ ಬಾಯಲ್ಲೇ, ಬೇವಿನ ಗಿಡದ ಬುಡಕ್ಕೆ, ಚಪ್ಪಲಿ ಬಿಟ್ಟು ಬಂದು ತಂಪಾದ ಫರ್ಸಿಯ ಮೇಲೆ ಕುಳಿತರು. ಚಪ್ಪಲಿಯ ಒಂದು ಗುಡ್ಡವೇ ಎದ್ದಿತು.

ಆಮೇಲೆ ಬಂದವನು ಮುದನಾಳದ ಅಮಾತೆಪ್ಪ, ಅಮೃತಮ್ಮನ ಅಣ್ಣ. ಅವನು ಬಂದರೆ ಬಂದೂಕು ಹಾರಿದ ಹಾಗೆ.

"ಸರೀರಿ! ಗಾಳಿ ಆಡಲಿ! ಮಾವಾ, ಕಾಲು ಮುಂದ ಮಾಡು. ಜೀವ ಅದನೋ ಹೋಗ್ಯಾದೋ ನೋಡೂಣು." ಕಿಸೆಯಿಂದ ಜಾಲಿಮುಳ್ಳು ತೆಗೆದು ಪರಮಣ್ಣನ ಅಂಗಾಲಿಗೆ ಚುಚ್ಚಿದ. "ನೋವಾಗವಲ್ದು, ಹೌದಲ್ಲ?"

"ಹೌದು," ಎಂದ ಪರಮಣ್ಣ ಹಲ್ಲು ಕಚ್ಚಿ. ಕಣ್ಣಿನಿಂದ ನೀರು ದಳದಳ ಇಳಿಯಿತು.

"ನೋಡ್ರಿ!" ಅಮಾತೆಪ್ಪ ಸಭೆಗೆ ತೋರಿಸಿದ. "ತನ್ನ ಕಾಲು ಸತ್ತಿದ್ದು ತನಗೇ ತಿಳದು ಅಳಾಕತ್ತಾನ!"

ಇದನ್ನು ಕೇಳಿ ಸಾಯಬಮ್ಮ ಇನ್ನೊಂದು ನುಡಿ ಎತ್ತಿಕೊಂಡಳು. ದೇವಿಂದ್ರ ಎಲ್ಲ ಕೋನಗಳಿಂದ ಫೋಟೋ ತೆಗೆದ. "ಮಾಸಾಶನ ನಾ ಮಾಡಸ್ತೀನಿ. ಕಾಕಾ, ಸಾಹೇಬ್ರು ಬಂದಾಗ ಹಿಂಗೇ ಅಳಬೇಕು. ಕಾಕೂ, ಕಾಕಾಗ ನಾ ಹೇಳಿದ್ದು ತಿಳೀತದೇನು?"

"ತಿಳೀತದಪ್ಪಾ," ಎಂದ ಪರಮಣ್ಣ.

ದೇವಿಂದ್ರನಿಗೆ ಕೇಳಿಸಲಿಲ್ಲ. "ತಿಳೀತದೇನು ಕಾಕೂ?" ಎಂದು ಮತ್ತೆ ಅಮೃತಮ್ಮನನ್ನೇ ಕೇಳಿದ. ಮತ್ತೊಬ್ಬ ನೆಂಟ "ಹಾಲು ಕುಡೀತಾನೇನು?" ಎಂದು ಆಕೆಯನ್ನೇ ವಿಚಾರಿಸಿದ. ಇನ್ನೊಬ್ಬಳು "ರಾತ್ರಿ ಹಠ ಮಾಡ್ತಾನೇನು?" ಎಂದಳು. ಪರಮಣ್ಣ ಒಬ್ಬೊಬ್ಬರಿಗೂ ಉತ್ತರ ಕೊಟ್ಟ. ಕುರ್ಚಿಯಲ್ಲಿ ಕುಳಿತವನ ಮಾತು ನಿಂತವರ ಕಿವಿಯ ತನಕ ಏರುವುದಿಲ್ಲವೆಂಬುದು ಅವನಿಗೆ ಆ ಹೊತ್ತು ಗೊತ್ತಾಯಿತು.

"ಹೊಳಿ ದಂಡಿ ಲಕ್ವಾದ ಔಷಧಿ ಕೊಡೋ ಅಜ್ಜನ ಹಂತೇಲಿ ಒಯ್ಯೂಣು," ಎಂದು ಅಮಾತೆಪ್ಪ ತೀರ್ಮಾನ ಕೊಟ್ಟ. "ಅಂವಾ ಕಹಿ ಎಣ್ಣಿ ಕುಡಿಸಿ ಮೈ ತಿಕ್ಕಿದ್ರ ಕಲ್ಲೂ ಎದ್ದು ಕೂಡ್ತದ. ಉಪ್ಪು ಬಂದ್, ಮಾತು ಬಂದ್. ಲಾಡ್ಲೇಸಾಬನ ಟಂಟಂ ಕರಸ್ರಿ."

ಲಾಡ್ಲೇಸಾಬನನ್ನು ಕರೆಸಬೇಕಾಗಿರಲಿಲ್ಲ. ಆ ಸಂಜೆ ಒಂದು ಮದುವೆಗೆ ಬೇಕೆಂದು ಕುರ್ಚಿ ಒಯ್ಯಲು ತಾನೇ ಬಂದು, ಇಷ್ಟು ಜನರನ್ನು ನೋಡಿ, ಬಾಯೊಳಗಿನ ಪಾನು ಅಗಿಯುವುದನ್ನೂ ಮರೆತು ಟಂಟಂ ಹತ್ತಿರ ನಿಂತಿದ್ದ. ಅವನ ಹಿಂದೆಯೇ ಒಂದು ಆಟೋ ಬಂದು ಬೇವಿನ ಗಿಡದ ಕೆಳಗೆ ನಿಂತಿತು.

ಮೊದಲು ಇಳಿದವಳು ಉಮೆಸಲ್ಮಾ. ಮೆಹನಾಜಳ ಖಾಲಾ, ತಾಯಿಯ ತಂಗಿ, ಆ ತಾಯಿ ಹೋದಮೇಲೆ ಹುಡುಗಿಯನ್ನು ಸಾಕಿದಾಕೆ. ಮಡಿಸಿದ ಗಾಲಿ ಕುರ್ಚಿಯನ್ನು ಇಳಿಸಿ ಬಿಡಿಸಿದಳು. ಮೆಹನಾಜ ಆಟೋದ ಸೀಟಿನಿಂದ ತೋಳುಗಳ ಬಲದಿಂದಲೇ ಸರಿದು ಕುರ್ಚಿಗೆ ಬಂದು, ದುಪಟ್ಟಾ ಸರಿಮಾಡಿಕೊಂಡು ಕಣ್ಣೆತ್ತಿದಳು. ಎದುರಿಗೆ ಫರ್ಸಿಯ ಹಾದಿ, ಅದರ ತುದಿಗೆ ತೆರೆದ ಬಾಗಿಲು, ಆ ಬಾಗಿಲೊಳಗಿನಿಂದ ಇನ್ನೊಂದು ಬಾಗಿಲು, ಅದರಾಚೆ ಹೊಳೆಯುವ ನೀರು.

"ಖಾಲಾ, ನೋಡು," ಎಂದಳು. "ಖರೇನೇ ಮಾಡ್ಯಾರ!"

ಆಮೇಲೆ ಚಪ್ಪಲಿಯ ಗುಡ್ಡ ಕಂಡಿತು. ಗುಡ್ಡದಾಚೆ ಜನ, ಜನರ ನಡುವೆ ಮಖಮಲ್ಲಿನ ಕುರ್ಚಿಯಲ್ಲಿ ಗೊಂಡೆಗಳ ಮಧ್ಯೆ ಕುಳಿತು ಅಳುತ್ತಿದ್ದ ಒಬ್ಬ ಹಿರಿಯ.

ಜನವೂ ಆಕೆಯನ್ನು ಕಂಡಿತು.

"ಪಾಪ," ಎಂದಳು ಸಾಯಬಮ್ಮ, "ಲಕ್ವಾದಾಕಿ ಲಕ್ವಾದವನ್ನ ಮಾತಾಡ್ಸಾಕ ಬಂದಾಳ. ಇದಕ್ಕ ಅನ್ನಬೇಕು ಅಂತಃಕರಣ!"

"ಚಪ್ಪಲಿ ತೆಗೀರಿ, ಹಾದಿ ಬಿಡ್ರಿ!" ಎಂದು ಅಮೃತಮ್ಮ ಕಸಬರಿಗೆ ಹಿಡಿದು ಕೂಗುತ್ತ ಬಂದಳು. ಅಮಾತೆಪ್ಪ ಆಕೆಗಿಂತ ಮೊದಲೇ ಗುಡ್ಡ ದಾಟಿದ್ದ. ಒಳ್ಳೆಯ ಕೆಲಸ ಕಂಡರೆ ಅವನಿಗೆ ತಡೆಯಲು ಆಗುತ್ತಿರಲಿಲ್ಲ.

"ಏ ದೇವಿಂದ್ರ, ಆ ಕಡಿ ಹಿಡಿ! ನೀವಿಬ್ಬರು ಹಿಂದ ಹಿಡೀರಿ! ಎತ್ತೂಣು!"

"ಬ್ಯಾಡ್ರಿ ಮಾಮಾ," ಎಂದಳು ಮೆಹನಾಜ. "ಚಪ್ಪಲಿ ಸರಸ್ರಿ ಸಾಕು. ನಾನೇ ಹೋಗ್ತೀನಿ."

"ಅಷ್ಟು ಮಂದೀದು ಚಪ್ಪಲಿ ಯಾಕ ಎತ್ತಬೇಕವ್ವಾ? ನೀ ಒಬ್ಬಾಕಿ, ನಿನ್ನ ಎತ್ತಿದ್ರ ಮುಗೀತು!"

ಈ ಲೆಕ್ಕದಲ್ಲಿ ತಪ್ಪು ಯಾರಿಗೂ ಕಾಣಲಿಲ್ಲ. ನಾಲ್ಕು ಕಡೆಯಿಂದ ಕೈಗಳು ಬಂದವು. "ನಿಂದರ್ರಿ, ನಿಂದರ್ರಿ," ಎಂದು ದೇವಿಂದ್ರ ಒಂದು ಕೈಯಿಂದ ಕುರ್ಚಿ ಹಿಡಿದು ಇನ್ನೊಂದು ಕೈಯಿಂದ ಫೋನು ಚಾಚಿದ. "ತಂಗಿ, ಸ್ವಲ್ಪ ಈ ಕಡಿ ನೋಡು." ಮೆಹನಾಜ ಗಾಲಿಗಳನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಆಕೆಯ ಮುಖದಲ್ಲಿ ಸಿಟ್ಟಿಗಿಂತ ಹಳೆಯ ಒಂದು ಬೇಸರ ಕಾಣಿಸಿತು.

"ಎತ್ತಬ್ಯಾಡ್ರೀ!"

ಕೂಗಿದವನು ಪರಮಣ್ಣ. ಮಖಮಲ್ಲಿನ ಕುರ್ಚಿಯಿಂದ ನೆಗೆದು, ಬಾಳೆಹಣ್ಣಿನ ಗೊನೆ ಹಾರಿ, ಕುಳಿತಿದ್ದವರ ಭುಜಗಳ ನಡುವೆ ದಾರಿ ಮಾಡಿಕೊಂಡು ಓಡಿ ಬಂದ. ಮೊಣಕಾಲೂರಿ ಎರಡೂ ಕೈಗಳಿಂದ ಚಪ್ಪಲಿ ತೂರತೊಡಗಿದ. "ಮಾತು ಕೊಟ್ಟೀನಿ! ಯಾರೂ ಮುಟ್ಟಬ್ಯಾಡ್ರಿ! ಮಾತು ಕೊಟ್ಟೀನಿ!"

ಎಲ್ಲಿಂದಲೋ ಬಂದ ಒಂದು ಕೊಲ್ಹಾಪುರಿ ಚಪ್ಪಲಿ ಲಾಡ್ಲೇಸಾಬನ ಎದೆಗೆ ಬಡಿದು ಬಿತ್ತು.

"ಎದ್ದಾ!" ಎಂದು ಸಾಯಬಮ್ಮ ಕಿರುಚಿದಳು. "ನನ್ನ ತಮ್ಮ ಎದ್ದಾ! ತಿಂಥಣಿ ಮೌನಪ್ಪಗ ಹರಕಿ ಹೊತ್ತಿದ್ದೆ, ಎದ್ದಾ!"

"ನಾ ಚುಚ್ಚಿದ ಮುಳ್ಳು!" ಎಂದ ಅಮಾತೆಪ್ಪ.

"ಅವರಿಗಿ ಮೊದಲೇ ಏನೂ ಆಗಿರಲಿಲ್ಲ!" ಎಂದು ಅಮೃತಮ್ಮ ಹಣೆ ಬಡಿದುಕೊಂಡಳು.

"ಆಗದಿದ್ರ ಹ್ಯಾಂಗ ಏಳತಿದ್ದ?" ಎಂದು ದೇವಿಂದ್ರ ಕೇಳಿದ.

ಹರಕೆಯೋ ಮುಳ್ಳೋ ಎಂಬ ವಾದ ಬಿಸಿಯೇರುತ್ತಿರುವಾಗಲೇ ಅಮಾತೆಪ್ಪನ ದೃಷ್ಟಿ ಖಾಲಿಯಾದ ಮಖಮಲ್ಲಿನ ಕುರ್ಚಿಯ ಮೇಲೆ ಬಿತ್ತು. ಬಿಸಿಲಿಗೆ ಚಮಕಿಯ ನವಿಲು ಧಗಧಗ ಹೊಳೆಯುತ್ತಿತ್ತು.

"ತಡೀರಿ," ಎಂದ. ದನಿ ಗುಡಿಯೊಳಗೆ ಮಾತಾಡಿದಂತೆ ಇಳಿದಿತ್ತು. "ಎದರಾಗ ಕುಂತಿದ್ದ ಅಂವಾ?"

ಎಲ್ಲರೂ ಕುರ್ಚಿಯನ್ನು ನೋಡಿದರು. ಆಮೇಲೆ ಎಲ್ಲರೂ, ಒಬ್ಬರನ್ನೂ ಬಿಡದೆ, ಮೆಹನಾಜಳನ್ನು ನೋಡಿದರು.

"ಯವ್ವಾ, ನೀ ಅದರಾಗ ಕೂಡಬೇಕು!" ಸಾಯಬಮ್ಮ ಆಕೆಯ ಗಲ್ಲ ಹಿಡಿದಳು. "ಒಂದ ಗಳಿಗಿ ಕೂಡು. ನಮ್ಮವ ಎದ್ದಂಗ ನೀನೂ ಎದ್ದು ನಿಂದರತಿ."

"ನನಗ ಬ್ಯಾಡ್ರಿ ಅಮ್ಮಾ. ನಾ ಹಕ್ಕಿ ನೋಡಾಕ ಬಂದೀನಿ."

"ಹಕ್ಕಿ ಎಲ್ಲಿ ಹೋಗ್ತಾವ? ಎದ್ದು ನಿಂತು ನೋಡಿದ್ರಾಯ್ತು! ಹಿಡೀರ್ಯೋ!"

ಮೆಹನಾಜ ಸಹಾಯಕ್ಕೆಂದು ಖಾಲಾಳ ಕಡೆ ತಿರುಗಿದಳು. ಹುಡುಗಿಯ ತಂಟೆಗೆ ಬಂದವರನ್ನು ಯಾದಗಿರಿ ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಅಟ್ಟಿಸಿಕೊಂಡು ಹೋದ ಹೆಂಗಸು ಉಮೆಸಲ್ಮಾ. ಆದರೆ ಅವಳು ಕುರ್ಚಿಯನ್ನು ನೋಡುತ್ತ ನಿಂತುಬಿಟ್ಟಿದ್ದಳು. ಆ ಮನುಷ್ಯ ಎದ್ದು ಓಡಿದ್ದನ್ನು ತನ್ನ ಕಣ್ಣಾರೆ ಕಂಡಿದ್ದಳಲ್ಲ.

"ಬೇಟಿ," ಎಂದಳು ಮೆಲ್ಲಗೆ, "ಏಕ್ ದಫಾ ಬೈಟ್ ಕೋ ದೇಖ್. ಒಂದ್ ಸಲ ಕುಂತ್ರ ಏನ್ ಹೋಗ್ತದ ನಮ್ದು?"

"ಖಾಲಾ, ನೀನೂ?"

ಅಷ್ಟೇ ಮಾತು. ಅದು ಪರಮಣ್ಣನ ಕಿವಿಗೆ ಬಿತ್ತು. ಅವನ ಎರಡು ಕೈಗಳಲ್ಲೂ ಚಪ್ಪಲಿಗಳಿದ್ದವು. ಒಂದು ಸಲ ಮೆಹನಾಜಳನ್ನು ನೋಡಿದ, ಒಂದು ಸಲ ಆಕೆಯ ಕುರ್ಚಿಯ ಮೇಲೆ ಊರಿದ್ದ ಮಂದಿಯ ಕೈಗಳನ್ನು ನೋಡಿದ. ಚಪ್ಪಲಿಗಳನ್ನು ನೆಲಕ್ಕಿಟ್ಟ. ಯಾರಿಗೂ ಅಡ್ಡಬರದೆ, ಕಚೇರಿಯ ಬೀರುವಿನ ಬದಿಯಿಂದ ಹಾಯುತ್ತಿದ್ದಂತೆ ಸದ್ದಿಲ್ಲದೆ ಹಾದು ಹೋಗಿ, ಮಖಮಲ್ಲಿನ ಕುರ್ಚಿಯಲ್ಲಿ ಧೊಪ್ಪನೆ ಕುಳಿತ. ಬಲಗೈ ಜೋಲುಬಿಟ್ಟ. ಬಾಯಿ ಒಂದು ಕಡೆಗೆ ಎಳೆದುಕೊಂಡ.

"ಅಯ್ಯ! ಮತ್ತ ಕುಂತಾ!" ಎಂದರು ಜನ. ಮೆಹನಾಜಳ ಕುರ್ಚಿಯ ಮೇಲಿದ್ದ ಕೈಗಳು ಬಿಟ್ಟವು.

ಸಾಯಬಮ್ಮ ಓಡಿ ಬಂದಳು. "ತಮ್ಮಾ! ಎದ್ದಿದ್ದಿ ಅಲ್ಲೋ?"

"ಇಲ್ಲ," ಎಂದ ಪರಮಣ್ಣ.

ಅಮೃತಮ್ಮನ ಕೈಯಲ್ಲಿದ್ದ ಕಸಬರಿಗೆ ಕೆಳಗೆ ಬಿತ್ತು.

"ಓಡಿ ಹೋದೆಲ್ಲೋ ಮಾವಾ, ಈಗ, ನಮ್ಮ ಕಣ್ಣ ಮುಂದ?" ಎಂದ ಅಮಾತೆಪ್ಪ.

"ಇಲ್ಲ."

"ಕಾಕಾ, ಚಪ್ಪಲಿ ತೂರಿದಿ. ವಿಡಿಯೋ ಅದ ನನ್ನ ಹಂತೇಲಿ," ಎಂದ ದೇವಿಂದ್ರ.

"ಇಲ್ಲ!" ಎಂದ ಪರಮಣ್ಣ. ಇಷ್ಟು ವರ್ಷ ಒಳಗೇ ಕೊಳೆತಿದ್ದ ಮಾತು ಹೊರಗೆ ಬಂದಾಗ ಎಷ್ಟು ಹಗುರವಾಗಿತ್ತೆಂದರೆ, ಯಾರೂ ಕೇಳದಿದ್ದರೂ ಇನ್ನೊಂದು ಸಲ ಹೇಳಿದ. "ಇಲ್ಲ, ಇಲ್ಲ."

ಸಾಯಬಮ್ಮನ ಎರಡೂ ಕೈಗಳು ತಲೆಯ ಮೇಲೆ ಹೋದವು. ಈ ಸಲ ರಾಗವಿರಲಿಲ್ಲ. ಬರೀ ಭಯವಿತ್ತು. "ಕೆಟ್ಟಿತಲ್ಲವ್ವಾ! ಹುಟ್ಟಿದಾಗಿಂದ ನನ್ನ ತಮ್ಮ ಒಬ್ಬರಿಗೂ ಇಲ್ಲ ಅಂದವನಲ್ಲ. ತಲಿಗಿ ಏರ್ಯಾದ! ಲಕ್ವಾ ತಲಿಗಿ ಏರ್ಯಾದ!"

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾರಿಗೂ ಬೇಕಾಗಿರಲಿಲ್ಲ. ಕುರ್ಚಿಯ ಮಹಿಮೆ ಅಲ್ಲಿಗೇ ಮುಗಿಯಿತು. ಕಾಲಿನಲ್ಲಿದ್ದ ಜಡ್ಡನ್ನು ತಲೆಗೆ ಏರಿಸುವ ಕುರ್ಚಿ! ಅದರ ಹತ್ತಿರ ಹುಡುಗಿಯನ್ನು ಬಿಡಬೇಡಿರೆಂದು ಸಾಯಬಮ್ಮನೇ ಕೂಗಿದಳು.

"ಹೊಳಿ ದಂಡಿಗಿ! ಈಗಿಂದೀಗ!" ಅಮಾತೆಪ್ಪನ ಅಪ್ಪಣೆಯಾಯಿತು. "ಹಿಡೀರಿ! ಎತ್ತ್ರಿ!"

ಎತ್ತಿದರು. ನಾಲ್ಕು ಮಂದಿ ಕೂಡಿ, ಜೋಳದ ಚೀಲ ಎತ್ತಿದ ಹಾಗೆ, ಗೊಂಡೆ ನವಿಲು ಸಹಿತ ಪರಮಣ್ಣನನ್ನು ಎತ್ತಿದರು. ಮೆಹನಾಜಳ ಪಕ್ಕದಿಂದ ಹಾಯುವಾಗ ಸೊಟ್ಟ ಬಾಯಿಯ ಮೇಲಿದ್ದ ಕಣ್ಣುಗಳಲ್ಲಿ ಒಂದು, ಒಂದೇ ಒಂದು ಸಲ, ಮುಚ್ಚಿ ತೆರೆಯಿತು.

ಮೆಹನಾಜ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಉಮೆಸಲ್ಮಾ ಆ ಸನ್ನೆಯನ್ನು ಕಂಡಳು. ಹುಡುಗಿಯ ಕಣ್ಣುಗಳನ್ನೂ ಕಂಡಳು. ಆಗ ಅವಳಿಗೆ ಎಲ್ಲ ತಿಳಿಯಿತು. "ಯಾ ಅಲ್ಲಾ," ಎಂದು ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು, ನಗಬೇಕೋ ಅಳಬೇಕೋ ತೋಚದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ರೋಗಿಯನ್ನು ಒಯ್ದಮೇಲೆ ಮಾತಾಡಿಸಲು ಬಂದವರಿಗೆ ಅಲ್ಲೇನು ಕೆಲಸ? ಎಲ್ಲರೂ ಎದ್ದರು. ನನ್ನದು ಎಡಗಾಲಿನದೆಲ್ಲಿ, ನಿನ್ನದು ಯಾವುದು ಎನ್ನುತ್ತ ಒಬ್ಬೊಬ್ಬರೂ ತಮ್ಮ ತಮ್ಮ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಟಂಟಂ ಹಿಂದೆ ನಡೆದರು. ನೋಡ ನೋಡುತ್ತಿದ್ದಂತೆ ಗುಡ್ಡ ಕರಗಿತು. ಹಾದಿ ಬರಿದಾಯಿತು.

"ಬಾರವ್ವಾ," ಎಂದಳು ಅಮೃತಮ್ಮ, ಬಾಳೆಹಣ್ಣಿನ ರಾಶಿಯನ್ನು ಬದಿಗೆ ಸರಿಸಿ. ಗಂಡನನ್ನು ಒಯ್ಯುತ್ತಿದ್ದ ಕಡೆ ಒಂದು ಸಲ ನೋಡಿದಳು. "ಅವರು ಬರ್ತಾರ. ನಾಕು ದಿನ ಉಪ್ಪಿಲ್ಲದ ಊಟ ಮಾಡಿದ್ರ ಏನಾಗಂಗಿಲ್ಲ."

ಮೆಹನಾಜ ಗಾಲಿಗಳ ಮೇಲೆ ಕೈಯಿಟ್ಟಳು. ಏರು ಹತ್ತಿದಳು. ಬಾಗಿಲಲ್ಲಿ ನೆಲದ ಮೇಲಿನ ಅರಿಷಿಣದ ಹೊಸ್ತಿಲು ಕಂಡು ಒಂದು ಕ್ಷಣ ನಿಂತಳು. "ಅಳಸ್ತದ, ದಾಟಲೇನ್ರಿ?" ಎಂದು ಕೇಳಿದಳು.

"ದಾಟವ್ವಾ. ನಾಳಿಗಿ ಮತ್ತ ಹಚ್ಚತೀನಿ."

ದಾಟಿದಳು. ಗುಡಿಸಲಿನ ತಂಪಿನೊಳಗಿಂದ ಹಾಯ್ದು ಹಿಂದಿನ ಬಾಗಿಲಿನಿಂದ ಹೊರಬಿದ್ದಳು. ಉಮೆಸಲ್ಮಾ ರೂಢಿಯಂತೆ ಹಿಂದಿನಿಂದ ಕೈ ಚಾಚಿದವಳು, ಅರ್ಧಕ್ಕೇ ಆ ಕೈಯನ್ನು ಮಡಿಚಿಕೊಂಡು ಬಾಗಿಲಲ್ಲೇ ನಿಂತಳು. ಕಲ್ಲಿನ ಮೇಲೆ ಅರಿಷಿಣದ ಎರಡು ಎಳೆಗಳು ನೀರಿನ ಕಡೆಗೆ ಇಳಿದು ಹೋದವು.

ಟಂಟಂ ಏರಿಯ ಮೇಲೆ ಬಂದಿತ್ತು. ಅಮಾತೆಪ್ಪ ತಲೆ ಹಿಡಿದಿದ್ದ, ಸಾಯಬಮ್ಮ ಕಾಲು ಒತ್ತುತ್ತಿದ್ದಳು. ಪರಮಣ್ಣ ಆ ನಾಲ್ಕು ಕೈಗಳ ನಡುವೆಯೇ ಕತ್ತು ಹೊರಳಿಸಿ ಕೆಳಗೆ ನೋಡಿದ. ನೀರಿನ ಅಂಚಿನಲ್ಲಿ ಒಂದು ಕುರ್ಚಿ ನಿಂತಿತ್ತು. ಅದರ ಹತ್ತಿರ ಯಾರೂ ಇರಲಿಲ್ಲ. ಅಲ್ಲಿಂದ ಕೂಗಳತೆಯಲ್ಲಿ ಬೆಳ್ಳಗಿನ ಹಕ್ಕಿಗಳ ಹಿಂಡೊಂದು ಚಮಚದಂಥ ಕೊಕ್ಕುಗಳನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತ ಮೇಯುತ್ತಿತ್ತು.

ಲಾಡ್ಲೇಸಾಬ ಗಾಡಿ ನಿಧಾನ ಮಾಡಿ, ಜೀವಮಾನದಲ್ಲಿ ಮೊದಲ ಸಲ ಪಾನು ಉಗುಳಿ, ಹಿಂದಕ್ಕೆ ವಾಲಿದ.

"ಪರಮಣ್ಣ ಭಾಯಿ," ಎಂದ ಗುಟ್ಟಾಗಿ, "ಖರೇ ಹೇಳಿಬಿಡ್ಲೇನು? ಇಳಸ್ಲೇನು?"

"ಇಲ್ಲ."

"ಕಹಿ ಎಣ್ಣಿ ಕುಡಸ್ತಾರ. ಚರಿಗಿ ತುಂಬ. ಗೊತ್ತದ ಅಲ್ಲ?"

ಪರಮಣ್ಣ ಇನ್ನೂ ಕೆರೆಯ ಕಡೆಗೇ ನೋಡುತ್ತಿದ್ದ.

"ಹೌದ್ರಿ," ಎಂದ.